ಹೆಸರು ಹೇಳಬಾರದ ಬೇರು

ಅತ್ತೆಯ ಕಣ್ಣು ತಪ್ಪಿಸಿ ಮನೆಗೆ ಏನಾದರೊಂದು ತರುವ ಸೊಸೆಯಂದಿರು ಬೆಂಗೇರಿಯ ಆ ಓಣಿಯಲ್ಲಿ ಹಲವರಿದ್ದರು. ರಾಜೇಶ್ವರಿಯದು ಅದಕ್ಕೆ ತಿರುವುಮುರುವು. ಅವಳು ಇಡೀ ಓಣಿಯ ಕಣ್ಣು ತಪ್ಪಿಸಿ, ಅತ್ತೆಗಾಗಿಯೇ ಒಂದು ವಸ್ತು ತರುತ್ತಿದ್ದಳು. ಅದು ರಕ್ತದೊತ್ತಡದ ಗುಳಿಗೆ. ಓಣಿಯ ಮೂಲೆಯಲ್ಲಿಯೇ ಔಷಧದ ಅಂಗಡಿ ಇದ್ದರೂ ಅಲ್ಲಿ ಕೊಳ್ಳದೆ, ಕೇಶ್ವಾಪುರದವರೆಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಕೊಂಡು, ಕೊತ್ತಂಬರಿ ಸಿವುಡಿನ ಅಡಿಗೆ ಹಾಕಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಅದರ ಜಾಗ ಮೆಂತ್ಯದ ಡಬ್ಬಿ. ಅತ್ತೆ ಚನ್ನಬಸವ್ವ ದಿನವೂ ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ ನಿಂತು ಒಂದು ಗುಳಿಗೆ ನುಂಗುತ್ತಿದ್ದರು. ಆಮೇಲೆ ಕಷಾಯದ ಲೋಟ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದರು.

ಕಷಾಯವನ್ನು ಮಾತ್ರ ಎಲ್ಲರೂ ನೋಡಬೇಕಿತ್ತು. ಏಕೆಂದರೆ ಅದು ಆ ಮನೆಯ ಹೆಸರು. ಚನ್ನಬಸವ್ವನವರ ಗಂಡ ಮುರುಗೆಪ್ಪ ಅಮ್ಮಿನಬಾವಿಯಿಂದ ಬಂದು ಬೆಂಗೇರಿಯಲ್ಲಿ ಕಾಳಿನ ಅಂಗಡಿ ಇಟ್ಟವರು. ರಕ್ತದೊತ್ತಡ ಏರಿದವರಿಗೆ ಒಂದು ಬೇರಿನ ಪುಡಿ ಕೊಡುವುದು ಅವರ ಮನೆತನದ ರೂಢಿ. ಅದಕ್ಕೆ ಎರಡು ಕಟ್ಟಳೆಗಳಿದ್ದವು. ಔಷಧಕ್ಕೆ ದುಡ್ಡು ಮುಟ್ಟಬಾರದು. ಬೇರಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅದರ ಗುಣ ಹೋಗುತ್ತದೆ. ಹಿರಿಯರು ಕಿರಿಯರಿಗೆ ಕಿವಿಯಲ್ಲಿ ಹೇಳಬಹುದು, ಅಷ್ಟೇ. ಮುರುಗೆಪ್ಪ ತೀರಿಕೊಂಡ ಮೇಲೆ ಚನ್ನಬಸವ್ವ ಅದನ್ನು ಮುಂದುವರಿಸಿದ್ದರು. ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಸುತ್ತಲಿನ ಓಣಿಗಳ ಮಂದಿ, ಸುಳ್ಳ ಎಂಬ ಊರಿನ ಕಡೆಯವರು ಸಹ, ಬಂದು ಕೂರುತ್ತಿದ್ದರು.

ಹೋದ ವರ್ಷ ದೀಪಾವಳಿಯ ಮುಂಚೆ ಚನ್ನಬಸವ್ವ ಬಚ್ಚಲಲ್ಲಿ ತಲೆಸುತ್ತಿ ಕುಸಿದಾಗ, ಅವರನ್ನು ಯಾರಿಗೂ ಗುರುತು ಸಿಗದ ಧಾರವಾಡದ ವೈದ್ಯರ ಬಳಿ ಕರೆದೊಯ್ದವಳು ರಾಜೇಶ್ವರಿ. ಗುಳಿಗೆ ಅಂದಿನಿಂದ ಬಂತು. ಗಂಡ ಅಮರೇಶನಿಗೂ ಇದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುವುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವಳೆಂದರೆ ಮಗಳು ಉಮಾಶ್ರೀ ಒಬ್ಬಳೇ.

ಉಮಾಶ್ರೀ ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ. ರಕ್ತದೊತ್ತಡಕ್ಕೆ ಬಳಸುವ ಗಿಡಮೂಲಿಕೆಗಳು ಅವಳ ಪ್ರಾಜೆಕ್ಟಿನ ವಿಷಯ. ವಿಷಯ ಹೊಳೆದದ್ದೇ ಅಜ್ಜಿಯ ಕಟ್ಟೆಯಿಂದ. ಆಷಾಢದ ಒಂದು ಸೋಮವಾರ ಅವಳು ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಯಂತ್ರವನ್ನು ತಂದು ಕಟ್ಟೆಯ ಮೇಲಿಟ್ಟಳು.

“ಆಯಿ, ತೋಳು ಕೊಡ ಇಲ್ಲೆ.”

“ನನ್ನದೇನು ನೋಡ್ತಿ? ಬಂದ ಮಂದೀದು ನೋಡು.”

“ಮೊದಲ ವೈದ್ಯರದು. ಆಮ್ಯಾಲ ರೋಗಿಗಳದು.”

ಕಟ್ಟೆಯ ಮೇಲಿದ್ದವರು ನಕ್ಕರು. ಚನ್ನಬಸವ್ವ ತೋಳು ಕೊಡಬೇಕಾಯಿತು. ಯಂತ್ರ ಗುಂಯ್ ಎಂದು ಬಿಗಿದು ಸಡಿಲಾಯಿತು. ನೂರಾ ಇಪ್ಪತ್ತೆಂಟು, ಎಂಬತ್ತು.

“ಈ ವಯಸ್ಸಿಗೆ ಇದು ಹುಡುಗೀರ ಬಿಪಿ ಆಯಿ,” ಎಂದಳು ಉಮಾಶ್ರೀ. ಅವಳ ಮುಖ ಅರಳಿತ್ತು.

ಎದುರು ಮನೆಯ ಮಾಶಾಬಿ ತಮ್ಮ ತೋಳನ್ನೂ ಮುಂದೆ ಚಾಚಿದರು. ಚನ್ನಬಸವ್ವನವರಿಗಿಂತ ಒಂದೆರಡು ವರ್ಷ ಚಿಕ್ಕವರು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಅವರ ಕೈ ಓಣಿಗೆಲ್ಲ ಹೆಸರಾದುದು. ಅವರು ಹಲವು ವರ್ಷಗಳಿಂದ ವೈದ್ಯರು ಬರೆದುಕೊಟ್ಟ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಜೊತೆಗೆ ಗೆಳತಿಯ ಪುಡಿಯನ್ನೂ. ಯಂತ್ರ ನೂರಾ ಐವತ್ತಾರು ತೋರಿಸಿತು.

“ನೋಡವಾ,” ಎಂದರು ಮಾಶಾಬಿ, “ಗುಳಿಗಿ ನುಂಗೂ ನಂದು ಅಷ್ಟು, ಬರೇ ಬೇರು ಕುಡಿಯೂ ಅಕ್ಕಂದು ಇಷ್ಟು. ಹಂಗಾರ ಆ ಗುಳಿಗಿ ನನಗ ಯಾತಕ್ಕ?”

“ಹಂಗ ಒಬ್ಬರದು ನೋಡಿ ಹೇಳಾಕ ಬರೂದಿಲ್ರಿ ಚಾಚಿ,” ಎಂದಳು ಉಮಾಶ್ರೀ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹೆಮ್ಮೆ ಅವಳ ನಾಲಿಗೆಯನ್ನು ನಿಲ್ಲಗೊಡಲಿಲ್ಲ. “ಆದ್ರ ಸರ್ಪಗಂಧಿ ಬೇರಿಗೆ ಆ ಗುಣ ಐತಿ ಅನ್ನೂದು ಖರೇ. ಅದರಿಂದ ಔಷಧಾನೂ ಮಾಡ್ಯಾರ. ನಮ್ಮ ಮುತ್ಯಾನ ಬೇರೂ ಅದ ಇರಬೇಕು ಅಂತ ನನಗ…”

“ಹೆಸರು ತಗೀಬ್ಯಾಡ,” ಎಂದರು ಚನ್ನಬಸವ್ವ, ಮೆಲ್ಲಗೆ.

ರಾಜೇಶ್ವರಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಚಹಾ ಕೊಟ್ಟಳು. ಮಾಶಾಬಿಗೆ ಕೊಡುವಾಗ ಒಂದು ಮಾತು ಬಾಯಿಯವರೆಗೆ ಬಂತು. ಅತ್ತೆ ಅವಳನ್ನು ನೋಡುತ್ತಿದ್ದರು. ಅವಳು ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.

ಸಂಜೆ ರೊಟ್ಟಿ ಬಡಿಯುತ್ತ ಆ ಮಾತನ್ನು ಮತ್ತೆ ತೆಗೆದಳು.

“ಅತ್ತಿ, ಚಾಚಿ ಗುಳಿಗಿ ಬಿಡೂ ಮಾತ ಆಡಿದ್ರು. ಕೇಳಿದ್ರಿಲ್ಲೋ?”

ಚನ್ನಬಸವ್ವ ಬಳ್ಳೊಳ್ಳಿ ಸುಲಿಯುತ್ತಿದ್ದರು. “ಆಕಿ ಅಂತಿರ್ತಾಳ. ಆಕೀ ಸೊಸಿ ಬಿಡಗೊಡಂಗಿಲ್ಲ.”

“ನಾನೂ ಗುಳಿಗಿ ತಗೋತೇನಿ ಅಂತ ನೀವು ಒಂದು ಮಾತು ಹೇಳಿದ್ರ ಮುಗೀತಲ್ರಿ.”

ಸುಲಿಯುವ ಬೆರಳು ನಿಂತವು. “ನಿಮ್ಮ ಮಾವನ ಕಾಲದಿಂದ ಮಂದಿ ಈ ಕಟ್ಟಿಗೆ ಬರ್ತಾರ. ಗುಳಿಗಿ ನುಂಗಾಕಿ ಊರಿಗೆ ಪುಡಿ ಹಂಚ್ತಾಳ ಅಂತ ಆದ್ರ ನಾ ಮಾರಿ ಎಲ್ಲೆ ಇಟಕೊಳ್ಲಿ? ನೀ ಎಲ್ಲೆ ಇಟಕೊಳ್ತಿ?”

“ಪುಡಿ ಜೋಡಿ ಗುಳಿಗೀನೂ ಬಿಡಬ್ಯಾಡ್ರಿ ಅಂತನಾರ ಹೇಳ್ರಿ.”

“ನಿನ್ನ ರೊಟ್ಟಿ ಹೊತ್ತಾಕತ್ತೈತಿ ನೋಡು.”

ಅಮರೇಶ ಅಮರಗೋಳದ ಮಾರುಕಟ್ಟೆಯಿಂದ ಬಂದು ಊಟಕ್ಕೆ ಕುಳಿತಾಗ ಆ ರೊಟ್ಟಿಯೇ ಅವನ ತಾಟಿಗೆ ಬಿತ್ತು. ಅವನು ಕರಿದಾದ ಅಂಚನ್ನು ಮುರಿದು ಪಕ್ಕಕ್ಕಿಟ್ಟ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಝುಣಕ ಇನ್ನಷ್ಟು ಹಾಕಿಸಿಕೊಂಡು ಹೇಳಿದ:

“ಮಾಶಾಬಿಗೆ ಮಗಾ ಅದಾನ, ಸೊಸಿ ಅದಾಳ. ಅವರ ಮನಿ ಗುಳಿಗಿ ನೀ ಯಾಕ ಕಾಯಾಕ ಹೋಗ್ತಿ? ಅವ್ವನ ಮರ್ಯಾದಿ ಓಣ್ಯಾಗ ಇಡಬ್ಯಾಡ.”

“ಹೆಚ್ಚು ಕಡಿಮಿ ಆದ್ರ?”

“ಹಂಗೆಲ್ಲ ಏನೂ ಆಗಂಗಿಲ್ಲ. ಮಜ್ಜಿಗಿ ಕೊಡು.”

ಶ್ರಾವಣ ಬಂತು. ಅಂದಿನ ಅಳತೆಯ ಸುದ್ದಿ ಓಣಿ ದಾಟಿತ್ತು. ಸೋಮವಾರದ ಕಟ್ಟೆಯಲ್ಲಿ ಹೊಸ ಮುಖಗಳು ಕಾಣತೊಡಗಿದ್ದವು. ಮಾಳಿಗೆಯ ಮೇಲೆ ನುಗ್ಗೆ ಎಲೆ ಒಣಹಾಕುವುದು ರಾಜೇಶ್ವರಿಯ ಕೆಲಸ. ಬೇರಿನ ಜೊತೆಗೆ ಕೂಡಿಸಲು ಅದು ಬೇಕೆಂದು ಅತ್ತೆ ಹೇಳಿದ್ದರು. ಈಗ ಅವಳು ಮೊದಲಿನ ಎರಡರಷ್ಟು ಎಲೆ ಒಣಹಾಕಬೇಕಾಗಿತ್ತು.

ನಾಗಪಂಚಮಿಯ ಮರುದಿನ ಅವಳು ಒಂದು ತಾಟಿನಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಇಟ್ಟುಕೊಂಡು ಎದುರು ಮನೆಗೆ ಹೋದಳು. ಉಂಡಿ ಒಂದು ನೆಪ. ಇಂದು ಹೇಳಿಬಿಡಬೇಕೆಂದು ಅವಳು ತಾಟಿಗೆ ಸೆರಗು ಮುಚ್ಚುವಾಗಲೇ ನಿಶ್ಚಯಿಸಿಕೊಂಡಿದ್ದಳು. ಮಾಶಾಬಿ ಹೊಸಿಲ ಬಳಿ ಕೌದಿ ಹರವಿಕೊಂಡು ಕುಳಿತಿದ್ದರು. ಹಣೆಗೆ ಬಟ್ಟೆ ಕಟ್ಟಿದ್ದರು.

“ತಲಿ ನೋವೇನ್ರಿ ಚಾಚಿ?”

“ಬಿಸಲಿಗೆ. ಕೂಡ್ರವಾ. ನಿಮ್ಮ ಮನಿ ಎಳ್ಳುಂಡಿ ಅಂದ್ರ ನನ್ನ ಮಗಾ ಗ್ಯಾರೇಜ್ ಬಿಟ್ಟು ಬರ್ತಾನ.”

“ಗುಳಿಗಿ ತಗೊಳ್ಳಾಕತ್ತೀರಿಲ್ಲೋ?”

ಮಾಶಾಬಿ ಒಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಸೊಸಿ ನಾಹಿದಾ ಮುಂದ ಬಾಯಿಬಿಡಬ್ಯಾಡ. ಅವತ್ತಿನಿಂದ ಬಿಟ್ಟೇನಿ. ಆಕಿ ಕೊಡ್ತಾಳ, ನಾ ಸೆರಗಿಗೆ ಹಾಕ್ಕೋತೇನಿ.”

“ಬಿಡಬ್ಯಾಡ್ರಿ ಚಾಚಿ. ಡಾಕ್ಟರ್ ಕೊಟ್ಟದ್ದು ಡಾಕ್ಟರನ್ನ ಕೇಳದ ಬಿಡಬಾರದು.”

ಮಾಶಾಬಿ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ನಿಲ್ಲಿಸಿ ಅವಳನ್ನು ನೋಡಿದರು. ಕಣ್ಣಲ್ಲಿ ತುಂಟ ನಗೆ. “ಯಾಕ, ಅತ್ತೀ ಜೋಡಿ ಜಗಳಾ ಆಗೇತೇನು? ಊರಿಗೆಲ್ಲ ಆಕೀ ಔಷಧ ಹತ್ತತೈತಿ, ಸೊಸಿಗೆ ಒಬ್ಬಾಕಿಗೆ ನಂಬಿಗಿ ಇಲ್ಲ.”

ಇದೇ ಆ ಗಳಿಗೆ. ಅತ್ತೆಯೂ ಗುಳಿಗೆ ತೆಗೆದುಕೊಳ್ಳುತ್ತಾರೆ: ಇಷ್ಟೇ ಹೇಳಬೇಕಾಗಿದ್ದುದು. ರಾಜೇಶ್ವರಿಗೆ ಅತ್ತೆಯ ಪ್ರಶ್ನೆ ನೆನಪಾಯಿತು, ಮಾರಿ ಎಲ್ಲಿ ಇಟ್ಟುಕೊಳ್ಳುವುದು ಎಂಬುದು. ಸುದ್ದಿ ಯಾರ ಬಾಯಿಂದ ಹೊರಬಿತ್ತೆಂದು ಸಂಜೆಯೊಳಗೆ ಮನೆಗೆ ತಿಳಿಯುತ್ತದೆ ಎಂಬುದೂ ನೆನಪಾಯಿತು.

“ಹಂಗೇನಿಲ್ರಿ,” ಎಂದಳು. “ಉಂಡಿ ತಿನ್ರಿ.”

ಅದಾಗಿ ವಾರ ಕಳೆದಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ನಾಹಿದಾ ಕೂಗಿದ್ದು ಕೇಳಿಸಿತು. ರಾಜೇಶ್ವರಿ ಒದ್ದೆ ಕೈಯಲ್ಲಿಯೇ ಓಡಿದಳು. ಮಾಶಾಬಿ ಕೌದಿಯ ಮೇಲೆ ಒರಗಿಬಿದ್ದಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಏನೋ ಹೇಳಲು ಹೋಗುತ್ತಿದ್ದರು, ಮಾತು ಮಾತಾಗುತ್ತಿರಲಿಲ್ಲ. ಮಗ ಜುಲ್ಫಿಕಾರ ಗ್ಯಾರೇಜಿನಿಂದ ಕೈಗೆ ಎಣ್ಣೆ ಮೆತ್ತಿಕೊಂಡೇ ಓಡಿಬಂದು ತಾಯಿಯನ್ನು ಎತ್ತಿ ಆಟೋದಲ್ಲಿ ಮಲಗಿಸಿದ. ಅವರ ಕಾಲುಗಳನ್ನು ಹಿಡಿದು ಒಳಗೆ ಸರಿಸಿದವಳು ರಾಜೇಶ್ವರಿ.

ಸಂಜೆಗೆ ಜುಲ್ಫಿಕಾರ ದವಾಖಾನೆಯಿಂದ ಬಂದ. ತನ್ನ ಮನೆಗೆ ಹೋಗದೆ ಇವರ ಪಡಸಾಲೆಗೆ ಬಂದು, ಚಪ್ಪಲಿ ಬಿಟ್ಟು ನಿಂತ. ಅಮರೇಶ, ಉಮಾಶ್ರೀ ಇಬ್ಬರೂ ಇದ್ದರು.

“ಜೀವಕ್ಕ ಸದ್ಯ ಭಯ ಇಲ್ಲಂತ. ಬಲಗೈ ಏಳವಲ್ದು,” ಎಂದ. “ದೊಡ್ಡವ್ವಾರ, ಅಮ್ಮಾನ ಸೆರಗಿನ್ಯಾಗ ನುಂಗದ ಗುಳಿಗಿ ಸಿಕ್ಕಾವ. ಗುಳಿಗಿ ಬಿಟ್ಟು ನಿಮ್ಮ ಪುಡಿ ಒಂದ ತಗೊಳ್ಳಾಕತ್ತಿದ್ದಳು. ಅದು ಯಾವ ಬೇರು ಅಂತ ಡಾಕ್ಟರ್ ಕೇಳಾಕತ್ತಾರ. ಕೆಲವು ಬೇರು ಅವರು ಕೊಡೂ ಔಷಧಕ್ಕ ಕೂಡಂಗಿಲ್ಲಂತ. ಹೆಸರು ಹೇಳ್ರಿ.”

ಚನ್ನಬಸವ್ವ ಗೋಡೆಗೆ ಒರಗಿ ಕುಳಿತಿದ್ದರು.

“ಜುಲ್ಫಿ, ಅದು ನಮ್ಮ ಮನೆತನದ್ದು,” ಎಂದ ಅಮರೇಶ. “ಹೆಸರು ಹೇಳೂ ರೂಢಿ ನಮ್ಮಲ್ಲೆ…”

“ಅಪ್ಪಾ, ಸುಮ್ಮನಿರು,” ಎಂದಳು ಉಮಾಶ್ರೀ. ಅಜ್ಜಿಯ ಮುಂದೆ ಮೊಣಕಾಲೂರಿ ಕುಳಿತು ತನ್ನ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದಳು. “ಸರ್ಪಗಂಧಿ ಹೌದಿಲ್ಲೋ? ಕಿವ್ಯಾಗ ಹೇಳು ಆಯಿ. ಕಿವ್ಯಾಗ ಹೇಳಿದ್ರ ನಡೀತೈತಿ.”

“ನನಗ ಗೊತ್ತಿಲ್ಲ.”

“ಈಗರ ಹೇಳ ಆಯಿ.”

“ಖರೇನ ಗೊತ್ತಿಲ್ಲವ್ವಾ,” ಎಂದರು ಚನ್ನಬಸವ್ವ, ಎಲ್ಲರಿಗೂ ಕೇಳುವಂತೆ. “ನಿಮ್ಮ ಮುತ್ಯಾ ನನಗ ಹೇಳಲಿಲ್ಲ. ಅಮರೇಶಗ ಹೇಳೂದು, ವ್ಯಾಳ್ಯಾ ಬಂದಾಗ ಹೇಳ್ತೇನಿ ಅಂತಿದ್ರು. ಅಂಗಡ್ಯಾಗ ಕುಂತಲ್ಲೇ ಹೋದ್ರು. ಅವರು ಕುಟ್ಟಿಟ್ಟ ಪುಡಿ ಒಂದು ಡಬ್ಬಿ ಇತ್ತು. ಅದು ಮುಗೀತು. ಮಂದಿ ಬರೂದು ಮುಗೀಲಿಲ್ಲ. ನುಗ್ಗಿ ಎಲಿ ಒಣಗಿಸಿ, ಪ್ಯಾಟಿಂದ ಮತ್ತಿ ಗಿಡದ ಚಕ್ಕಿ ತಂದು, ಅವರ ಪುಡಿ ಬಣ್ಣ ಬರೂ ತನಕ ಕೂಡಿಸಿ ಕುಟ್ಟಿದೆ.”

ಹೇಳಬಾರದೆಂಬ ಕಟ್ಟಳೆಯ ಹಿಂದೆ ಹೇಳಲು ಏನೂ ಇರಲಿಲ್ಲ ಎಂಬುದು ಒಬ್ಬೊಬ್ಬರಿಗೂ ಒಂದೊಂದು ಗಳಿಗೆ ತಡವಾಗಿ ಅರ್ಥವಾಯಿತು. ಮಾಳಿಗೆಯ ಮೇಲೆ ಹರವಿದ ಎಲೆ ರಾಜೇಶ್ವರಿಯ ಕಣ್ಣಿಗೆ ಕಟ್ಟಿತು.

“ನುಗ್ಗಿ ಎಲಿ, ಮತ್ತಿ ಚಕ್ಕಿ,” ಎಂದ ಜುಲ್ಫಿಕಾರ, ಮರೆಯದಿರಲೆಂದು ತನಗೇ ಹೇಳಿಕೊಳ್ಳುವವನಂತೆ. “ಮತ್ತೇನರ ಐತ್ರಿ ಅದರಾಗ?”

“ಒಂದೀಟು ಜೀರಿಗಿ.”

“ಜೀರಿಗಿ,” ಎಂದ. ಚಪ್ಪಲಿ ಮೆಟ್ಟಿಕೊಂಡು, ಯಾವಾಗಲೂ ಹೇಳುವಂತೆಯೇ, “ಬರ್ತೇನ್ರಿ ದೊಡ್ಡವ್ವಾರ,” ಎಂದು ಹೇಳಿ ಹೋದ. ಅವನು ದನಿ ಏರಿಸಿದ್ದರೆ, ಒಂದು ಕೆಟ್ಟ ಮಾತಾಡಿದ್ದರೆ, ಆ ಮನೆಯವರಿಗೆ ತಿರುಗಿ ಆಡಲು ಏನಾದರೂ ಸಿಗುತ್ತಿತ್ತು.

ಉಮಾಶ್ರೀ ಇನ್ನೂ ನೆಲದ ಮೇಲೆಯೇ ಕುಳಿತಿದ್ದಳು. “ಬೇರ ಇಲ್ಲಂದ್ರ ನಿನ್ನ ಬಿಪಿ ಹ್ಯಾಂಗ ಅಷ್ಟು ಛಲೋ ಬಂತು ಆಯಿ?”

ಚನ್ನಬಸವ್ವ ಸೊಸೆಯನ್ನು ನೋಡಿದರು. ರಾಜೇಶ್ವರಿ ಒಳಗೆ ಹೋಗಿ ಮೆಂತ್ಯದ ಡಬ್ಬಿ ತಂದು ಮಗಳ ಮುಂದಿಟ್ಟಳು. ಉಮಾಶ್ರೀ ಗುಳಿಗೆಯ ಹಾಳೆಯನ್ನು ಹೊರತೆಗೆದು, ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ, ಮತ್ತೆ ಮೆಂತ್ಯದೊಳಗೇ ಇಟ್ಟಳು.

“ನಾ ಮಂದಿ ಮುಂದ ಅಳದು ತೋರಿಸಿದೆ,” ಎಂದಳು. ಡಬ್ಬಿಯ ಮುಚ್ಚಳ ಹಾಕಿ, “ಅವಾಗ ನೀ ಚಾ ತಾಟು ಹಿಡಕೊಂಡು ಬಾಗಲದಾಗ ನಿಂತಿದ್ದಿ ಅವ್ವಾ.”

“ನಿಂತಿದ್ದೆ.”

ಅಂದಿನಿಂದ ಮಗಳು ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು: ಬಸ್ಸಿಗೆ ಹೊತ್ತಾಯಿತು, ಡಬ್ಬಿ ಕಟ್ಟು, ರಾತ್ರಿ ನನಗೆ ಊಟ ಬೇಡ.

ರಾಜೇಶ್ವರಿ ದವಾಖಾನೆಗೆ ದಿನಾ ಗಂಜಿ, ಮೆತ್ತನೆಯ ಅನ್ನ ಕಟ್ಟಿಕೊಂಡು ಹೋಗತೊಡಗಿದಳು. ಮಾಶಾಬಿಯ ಮಾತು ತೊದಲುತ್ತ ಮರಳುತ್ತಿತ್ತು. ಬಲಗೈ ಹಾಸಿಗೆಯ ಮೇಲೆ ಬೇರೆಯವರದೆಂಬಂತೆ ಬಿದ್ದಿರುತ್ತಿತ್ತು. ನಾಹಿದಾ ಎಡಗೈಗೆ ಚಮಚ ಹಿಡಿಸುತ್ತ ಹೇಳುತ್ತಿದ್ದಳು:

“ನುಗ್ಗಿಗೆ, ಮತ್ತಿಗೆ ಗುಣ ಇಲ್ಲ ಅಂತ ಡಾಕ್ಟರ್ ಅನ್ನಲಿಲ್ಲ ಅಕ್ಕಾ. ಇರಬಹುದು, ಎಷ್ಟು ಐತಿ ಅಂತ ಇನ್ನೂ ನೋಡಾಕತ್ತಾರ ಅಂದ್ರು. ಗುಳಿಗಿ ಬಿಡಿಸೂವಷ್ಟು ಇಲ್ಲ ಅಂತ ಅಷ್ಟ.” ಒಂದು ದಿನ ಅವಳು ರಾಜೇಶ್ವರಿಯ ಕೈ ಹಿಡಿದುಕೊಂಡಳು. “ನಿಮ್ಮ ಅತ್ತಿಯಾರ ಮ್ಯಾಲ ನಮ್ಮವರಿಗೆ ಬ್ಯಾಸರ ಐತಿ, ಸುಳ್ಳು ಯಾಕ ಹೇಳ್ಲಿ. ಆದ್ರ ನೀವು ಮಾಡಾಕತ್ತಿದ್ದು ನನ್ನ ತವರವರೂ ಮಾಡಲಿಲ್ಲ. ನಿಮಗ ಪಾಪ, ಏನ ಗೊತ್ತಿತ್ತು?”

ರಾಜೇಶ್ವರಿ ಕೈ ಬಿಡಿಸಿಕೊಳ್ಳಲಿಲ್ಲ. ಹಾಸಿಗೆಯ ಮೇಲಿಂದ ಮಾಶಾಬಿ ಅವಳನ್ನೇ ನೋಡುತ್ತಿದ್ದರು. ಉಂಡಿ ತಂದ ದಿನದ ಮಾತು ಅವರಿಗೆ ನೆನಪಿದೆಯೇ ಎಂಬುದು ಆ ನೋಟದಿಂದ ತಿಳಿಯುವಂತಿರಲಿಲ್ಲ. ತಿಳಿಯಲು ಪ್ರಯತ್ನಿಸದೆ ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಮಾಶಾಬಿ ಮನೆಗೆ ಬಂದ ಮೇಲಿನ ಸೋಮವಾರ, ಚನ್ನಬಸವ್ವ ಪೂಜೆ ಮುಗಿಸಿ ಬರಿಗೈಯಲ್ಲಿ ಕಟ್ಟೆಗೆ ಬಂದರು. ಮಂದಿ ಕಡಿಮೆ ಇದ್ದರೂ ಇದ್ದರು: ಸುಳ್ಳದ ಗುರುಸಿದ್ದಯ್ಯ, ಹಿಂದಿನ ಓಣಿಯ ಕೆಲವು ಹೆಂಗಸರು.

“ಇನ್ನ ಪುಡಿ ಕೊಡಂಗಿಲ್ರಿ,” ಎಂದರು ಚನ್ನಬಸವ್ವ. ಅವರು ನಿಂತೇ ಇದ್ದರು. “ನಮ್ಮ ಯಜಮಾನರ ಬೇರು ಅವರ ಜೋಡಿನ ಹೋಗೇತಿ. ಇದು ನಾ ಕೂಡಿಸಿದ್ದು. ನಾನೂ ಡಾಕ್ಟರ್ ಗುಳಿಗಿ ತಗೋತೇನಿ. ನೀವೂ ತಗೋರಿ.”

ಗುರುಸಿದ್ದಯ್ಯ ಸಮಾಧಾನದ ನಗೆ ನಕ್ಕರು. “ಮಾಶಾಬಿಗೆ ಹಂಗಾತಂತ ಅಮ್ಮಾರು ಅಂಜ್ಯಾರ. ನಿಮ್ಮ ತಪ್ಪ ಏನೈತ್ರಿ ಅದರಾಗ? ಆಕಿ ಪಥ್ಯಾ ಮುರದಿರಬೇಕು.”

“ಅದನ್ನ ನಾನೂ ಅಂದೆ,” ಎಂದಳು ಒಬ್ಬ ಹೆಂಗಸು. “ಅವರ ಮನಿ ಊಟಕ್ಕ ಬೇರು ಹ್ಯಾಂಗ ಹತ್ತಬೇಕು? ನಮಗ ಹತ್ತೇತಿ. ನಮಗ ಕೊಡ್ರಿ.”

ಚನ್ನಬಸವ್ವ ಅವರಿವರ ಮುಖ ನೋಡಿದರು. ಇಷ್ಟು ದಿನ ಕಾಯ್ದುಕೊಂಡ ಮರ್ಯಾದೆಯನ್ನು ತಾವಾಗಿಯೇ ತಂದು ಕೆಳಗಿಟ್ಟಿದ್ದರು. ಮಂದಿ ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ಅವರ ಕೈಗೇ ಕೊಡುತ್ತಿದ್ದರು. ಸುಮ್ಮನಿದ್ದರೆ ಸಾಕು, ಎಲ್ಲ ಮೊದಲಿನಂತಾಗುತ್ತಿತ್ತು. ತಪ್ಪು ಎದುರು ಮನೆಯ ಅಡುಗೆಯದಾಗುತ್ತಿತ್ತು.

ಬಾಗಿಲಲ್ಲಿದ್ದ ರಾಜೇಶ್ವರಿಯ ಕಡೆಗೆ ಗುರುಸಿದ್ದಯ್ಯ ತಿರುಗಿದರು. “ನೀನ ಹೇಳವಾ ತಂಗಿ. ಅತ್ತಿ ಖರೇನ ಗುಳಿಗಿ ನುಂಗ್ತಾರೇನು?”

“ಖರೇರಿ,” ಎಂದಳು ರಾಜೇಶ್ವರಿ. ದನಿ ತನ್ನದಲ್ಲವೆನ್ನುವಷ್ಟು ಗಟ್ಟಿಯಾಗಿತ್ತು. “ವರ್ಷ ಆಗಾಕ ಬಂತು. ಕೇಶ್ವಾಪುರದಿಂದ ಯಾರಿಗೂ ಕಾಣದಂಗ ನಾನ ತಂದು ಕೊಡ್ತೇನಿ. ಚಾಚಿ ಯಾವ ಪಥ್ಯಾನೂ ಮುರದಿಲ್ಲ. ಅತ್ತೀ ಬಿಪಿ ನೋಡಿ ಗುಳಿಗಿ ಬಿಟ್ರು. ಬಿಟ್ಟಾರಂತ ನನಗ ಗೊತ್ತಿತ್ತು. ಹೇಳಾಕ ಅಂತ ಅವರ ಮನಿಗೆ ಹೋಗಿ, ಉಂಡಿ ಕೊಟ್ಟು ಬಂದೆ.”

ಯಾರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರೂ ಅವಳ ಎದುರಿಗೆ, ಓಣಿಯ ಕಡೆಗೆ ನೋಡುತ್ತಿದ್ದರು. ಅಲ್ಲಿ ನಡುದಾರಿಯಲ್ಲಿ ನಾಹಿದಾ ನಿಂತಿದ್ದಳು. ರಾಜೇಶ್ವರಿ ಹಿಂದಿನ ದಿನ ಅನ್ನ ಕಳಿಸಿದ ಸ್ಟೀಲಿನ ಡಬ್ಬಿ ಬೆಳಗಿದಂತೆ ಹೊಳೆಯುತ್ತ ಅವಳ ಕೈಯಲ್ಲಿತ್ತು.

ನಾಹಿದಾ ಮುಂದೆ ಬಂದಳು. ಡಬ್ಬಿಯನ್ನು ಕೈಗೆ ಕೊಡಲಿಲ್ಲ. ಕಟ್ಟೆಯ ಕೊನೆಯ ಮೆಟ್ಟಿಲ ಮೇಲಿಟ್ಟಳು. ಅಕ್ಕಾ ಎನ್ನಲಿಲ್ಲ. ತಿರುಗಿ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡಳು.

ಕಟ್ಟೆಯ ಮೇಲಿದ್ದವರು ಸೆರಗು, ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ಒಬ್ಬೊಬ್ಬರಾಗಿ ಎದ್ದರು. ರಾಜೇಶ್ವರಿ ಇಳಿದು ಡಬ್ಬಿ ಎತ್ತಿದಳು. ಅದು ಹಗುರಾಗಿರಲಿಲ್ಲ. ಮುಚ್ಚಳ ತೆಗೆದು ನೋಡಿದಳು. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು, ಮನೆಯಿಂದ ಹೊರಡುವಾಗಲೇ ನಾಹಿದಾ ಅದರಲ್ಲಿ ಸಕ್ಕರೆ ಹಾಕಿಕೊಂಡು ಬಂದಿದ್ದಳು.

“ಏನೈತಿ ಅದರಾಗ?” ಎಂದು ಕೇಳಿದರು ಚನ್ನಬಸವ್ವ.

“ಸಕ್ಕರಿ ಐತ್ರಿ.”

ಚನ್ನಬಸವ್ವ ಎದುರಿನ ಮುಚ್ಚಿದ ಬಾಗಿಲನ್ನು ನೋಡಿದರು. “ಒಳಗ ಒಯ್ಯಿ,” ಎಂದು ಹೇಳಿ ತಾವು ಒಳಗೆ ಹೋದರು.

ರಾಜೇಶ್ವರಿ ಮುಚ್ಚಳ ಹಾಕಿದಳು. ಅದನ್ನು ಒಳಗೆ ಒಯ್ಯುವ ಧೈರ್ಯ ಅವಳಿಗೆ ಬರಲಿಲ್ಲ. ಓಣಿ ದಾಟಿ ಮರಳಿ ಕೊಟ್ಟು ಬರುವ ಧೈರ್ಯವೂ ಬರಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರೂ ಎದ್ದುಹೋದ ಕಟ್ಟೆಯ ಮೇಲೆ, ಓಣಿಯವರಿಗೆಲ್ಲ ಕಾಣುವಂತೆ ಕುಳಿತಳು.